ಲೀಕ್-ಡೌನ್ ಟೆಸ್ಟರ್: ಮಿಸ್ಸಿಂಗ್ ಗಾಡಿಯ ಹೆಡ್ ಇಳಿಸುವ ಮೊದಲು

ಪ್ಲಗ್ ಹೊಸದು, ಅದಕ್ಕೆ ಕರೆಂಟು ಕೊಡುವ ಕಾಯಿಲ್ ಹೊಸದು, ಇಂಜೆಕ್ಟರ್ ತೊಳೆಸಿದ್ದೂ ಆಗಿದೆ. ಆದರೂ ಗಾಡಿ ಸ್ಲೋನಲ್ಲಿ ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಸ್ಕ್ಯಾನರ್‌ನಲ್ಲಿ ಅಳಿಸಿದ ಕೋಡ್ ಮತ್ತೆ ಬಂದು ಕೂರುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದ ಈ ತೊಂದರೆಗೇ ಮಿಸ್ಸಿಂಗ್ ಎನ್ನುವುದು. ಇಂಜಿನ್ ಕೆಲಸವನ್ನೇ ನಂಬಿಕೊಂಡಿರುವ ನನ್ನ ಬಳಿಗೆ ಹೀಗೆ ಎಲ್ಲ ಪಾರ್ಟು ಬದಲಾಯಿಸಿ ಸಾಕಾದ ಮೇಲೆ ಬರುವ ಗಾಡಿಗಳೇ ಜಾಸ್ತಿ. ಅಂಥ ಗಾಡಿಗೆ ನಾನು ಕೈಗೆತ್ತಿಕೊಳ್ಳುವುದು ಗಾಳಿಯ ಒತ್ತಡ ತೋರಿಸುವ ಎರಡು ಮೀಟರುಗಳಿರುವ ಲೀಕ್-ಡೌನ್ ಟೆಸ್ಟರ್. ಬಹಳ ಕಾಲದಿಂದ ಬಳಸುತ್ತಿದ್ದೇನೆ, ಬೇರೆ ಬೇರೆ ತಯಾರಕರ ಸೆಟ್‌ಗಳು ನನ್ನ ಕೈಯಲ್ಲಿ ಓಡಾಡಿವೆ. ತೆಗೆದುಕೊಳ್ಳಬಹುದಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಖಂಡಿತ ತೆಗೆದುಕೊಳ್ಳಿ. ಆದರೆ ಮುಳ್ಳು ತೋರಿಸುವ ಅಂಕಿಯನ್ನು ನೆಚ್ಚಿಕೊಂಡು ತೆಗೆದುಕೊಳ್ಳಬೇಡಿ. ಸಿಲಿಂಡರಿನ ಗಾಳಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂಬುದನ್ನು ಇದು ಕಿವಿಗೆ ಕೇಳಿಸುತ್ತದೆ. ಇದರ ಬೆಲೆ ಇರುವುದು ಅಲ್ಲಿ.

ಸಿಲಿಂಡರ್ ಉರಿಯಬೇಕಾದರೆ ಮೂರು ಬೇಕು. ಸರಿಯಾದ ಅಳತೆಯ ಪೆಟ್ರೋಲು ಮತ್ತು ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುತ್ತಾ ಒಳಗಿನ ಗಾಳಿಯನ್ನು ಅದುಮುವ ಒತ್ತಡ. ಮೊದಲೆರಡನ್ನು ಎಲ್ಲರೂ ನೋಡುತ್ತಾರೆ, ಬೋಲ್ಟು ಬಿಚ್ಚುವ ಕಷ್ಟ ಅಷ್ಟಾಗಿ ಇಲ್ಲವಲ್ಲ. ಸ್ಕ್ಯಾನರ್‌ನಲ್ಲಿ ಪಿ0303 ಎಂದು ಬಂದರೆ ಮೂರನೇ ಸಿಲಿಂಡರ್ ಉರಿಯುತ್ತಿಲ್ಲ ಎಂದು ಅರ್ಥ, ಅದಕ್ಕಿಂತ ಹೆಚ್ಚಿನದನ್ನು ಆ ಕೋಡ್ ಹೇಳುವುದಿಲ್ಲ. ಪಿಸ್ಟನ್ನುಗಳು ತಿರುಗಿಸುವ ಶಾಫ್ಟಾದ ಕ್ರ್ಯಾಂಕ್ ತಿರುಗುವ ವೇಗದಲ್ಲಿ ಯಾವ ಸಿಲಿಂಡರಿನ ಸರದಿಗೆ ಕುಂದು ಬಂತು ಎಂದು ಕಂಪ್ಯೂಟರ್ ಗಮನಿಸುತ್ತದೆ, ಕುಂದು ಯಾಕೆ ಬಂತೆಂದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮೊದಲು ಮೂರರ ಕಾಯಿಲನ್ನು ಒಂದಕ್ಕೆ, ಪ್ಲಗ್ಗನ್ನು ಎರಡಕ್ಕೆ ಹಾಕಿ ಓಡಿಸಿ ನೋಡಬೇಕು. ಮಿಸ್ಸಿಂಗ್ ಅವುಗಳ ಹಿಂದೆಯೇ ಹೋದರೆ ಅಲ್ಲಿಗೆ ಮುಗಿಯಿತು. ಮೂರರಲ್ಲೇ ಉಳಿದರೆ ಇನ್ನೊಂದು ಕಾಯಿಲ್ ತರಿಸುವ ಬದಲು ಇಂಜಿನ್ನಿನ ಒಳಗೆ ನೋಡುವ ಸಮಯ ಬಂದಿದೆ. ಚೆಕ್ ಇಂಜಿನ್ ಲೈಟು ಮಿಣುಕುತ್ತಿದ್ದರಂತೂ ಓಡಿಸುತ್ತಾ ಪರೀಕ್ಷೆ ಮಾಡಲೇಬೇಡಿ. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದೂ ಕೈಕೊಡುತ್ತದೆ.

ಟೆಸ್ಟರಿನ ಒಳಗೆ ಹೆಚ್ಚೇನೂ ಇಲ್ಲ. ಕಂಪ್ರೆಸರ್‌ನಿಂದ ಬಂದ ಗಾಳಿ ರೆಗ್ಯುಲೇಟರ್ ದಾಟಿ ಎಡಗಡೆ ಮೀಟರಿಗೆ ಬರುತ್ತದೆ. ಅಲ್ಲಿಂದ ಸೂಜಿಯಷ್ಟು ಸಣ್ಣ ತೂತು ದಾಟಿ ಬಲಗಡೆ ಮೀಟರಿಗೆ, ಅಲ್ಲಿಂದ ಪೈಪಿನ ಮೂಲಕ ಪ್ಲಗ್ ಕೂರುವ ಜಾಗಕ್ಕೆ. ಸಿಲಿಂಡರ್ ಗಾಳಿ ಹಿಡಿದಿಟ್ಟುಕೊಂಡರೆ ಎರಡೂ ಮುಳ್ಳು ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತವೆ. ಸೋರುತ್ತಿದ್ದರೆ, ಸೋರಿದಷ್ಟನ್ನು ಆ ಸಣ್ಣ ತೂತು ತುಂಬಿಕೊಡಲಾರದು, ಬಲಗಡೆ ಮುಳ್ಳು ಇಳಿಯುತ್ತದೆ. ಎಡಗಡೆ 100 ಪಿಎಸ್‌ಐ (ಒತ್ತಡದ ಅಳತೆ), ಬಲಗಡೆ 90 ಇದ್ದರೆ 10 ಶೇಕಡ ಸೋರಿಕೆ. ಪೂರ್ತಿ ಸೊನ್ನೆ ಯಾವ ಇಂಜಿನ್ನಿನಲ್ಲೂ ಬರುವುದಿಲ್ಲ, ಪಿಸ್ಟನ್ನಿನ ಸುತ್ತ ಇರುವ ರಿಂಗಿನ ಬಾಯಿಯಲ್ಲಿ ಒಂದಿಷ್ಟು ಗಾಳಿ ಹೋಗಲೇಬೇಕು. ಆರೋಗ್ಯವಾಗಿರುವ ಇಂಜಿನ್ನುಗಳಲ್ಲಿ 5ರಿಂದ 10 ಶೇಕಡ ನೋಡಿದ್ದೇನೆ. 20 ದಾಟಿದರೆ ಕಿವಿ ಚುರುಕಾಗಬೇಕು. 30 ದಾಟಿದ ಮೇಲೆ ಅನುಮಾನಕ್ಕೆ ಜಾಗವಿಲ್ಲ.

ಇದನ್ನು ಮೊದಲ ಸಲ ಹಿಡಿಯುವವರು ಒಂದು ವಿಷಯದಲ್ಲಿ ತುಂಬ ಎಚ್ಚರ ಇರಬೇಕು, ಸೆಟ್‌ನ ಜೊತೆ ಬರುವ ಚೀಟಿಯಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದು ಮುಗಿಸಿರುತ್ತಾರೆ. ಪರೀಕ್ಷೆ ಮಾಡುವ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಯಲ್ಲಿ ಇರಬೇಕು, ಆಗ ಗಾಳಿ ಒಳಬರುವ ಇನ್‌ಟೇಕ್, ಹೊಗೆ ಹೊರಹೋಗುವ ಎಕ್ಸಾಸ್ಟ್, ಎರಡೂ ಕಡೆಯ ವಾಲ್ವ್ ಮುಚ್ಚಿರುತ್ತವೆ. ಪಿಸ್ಟನ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಗಾಳಿ ಅದನ್ನು ಕೆಳಗೆ ನೂಕುತ್ತದೆ. 80 ಮಿಲಿಮೀಟರ್ ಬೋರಿನ (ಸಿಲಿಂಡರಿನ ಒಳಗಿನ ಅಗಲ) ಪಿಸ್ಟನ್ ಮೇಲೆ 100 ಪಿಎಸ್‌ಐ ಗಾಳಿ ಬಿಟ್ಟರೆ ಅದರ ತಲೆಯ ಮೇಲೆ ಬೀಳುವ ಭಾರ ಸುಮಾರು 350 ಕಿಲೋ. ಕ್ರ್ಯಾಂಕ್ ಬೋಲ್ಟಿನ ಮೇಲೆ ಸ್ಪ್ಯಾನರ್ ಹಾಗೇ ಇಟ್ಟು ಗಾಳಿ ತೆರೆದರೆ ಅದು ಗಿರ್ರನೆ ತಿರುಗಿ ಕೈಮುರಿಯುತ್ತದೆ. ಸ್ಪ್ಯಾನರ್ ತೆಗೆದಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಬೆಲ್ಟಿನ ಹತ್ತಿರ ಯಾರ ಕೈಯೂ ಇರಬಾರದು, ರೆಗ್ಯುಲೇಟರನ್ನು ಸೊನ್ನೆಯಿಂದ ನಿಧಾನವಾಗಿ ತಿರುಗಿಸುತ್ತಾ ಬನ್ನಿ. ಪಿಸ್ಟನ್ ಜಾರುವುದಿದ್ದರೆ 15, 20ರಲ್ಲೇ ಜಾರುತ್ತದೆ, ಆಗ ಯಾರಿಗೂ ಪೆಟ್ಟಾಗುವುದಿಲ್ಲ. ತುದಿ ಹುಡುಕಲು ನಾನು ಪ್ಲಗ್ ತೂತಿನೊಳಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತೇನೆ. ಒಳಗೆ ಕಬ್ಬಿಣದ ಸ್ಕ್ರೂಡ್ರೈವರ್ ಹಾಕುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ, ಅಲ್ಯೂಮಿನಿಯಂ ಪಿಸ್ಟನ್ನಿನ ತಲೆಗೆ ಗೀರು ಬೀಳುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಕ್ರಮ, 1-3-4-2 ಇರುವ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಸಿಕ್ಕಿದ ಮೇಲೆ ಅರ್ಧ ಸುತ್ತಿಗೊಂದರಂತೆ ಉಳಿದವು ಆ ಕ್ರಮದಲ್ಲೇ ಮೇಲೆ ಬರುತ್ತವೆ.

ಕೆಲಸ ಹೇಗೆ ಸಾಗುತ್ತದೆ ಎಂಬುದಕ್ಕೆ ಒಂದು ಗಾಡಿಯ ವಿಷಯ ಹೇಳುತ್ತೇನೆ. ನಾಲ್ಕು ಸಿಲಿಂಡರ್, ಎರಡು ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ಶಾಫ್ಟ್), ಪೆಟ್ರೋಲ್ ಜೊತೆ ಗ್ಯಾಸಿನಲ್ಲೂ ಓಡಿದ ಇಂಜಿನ್. ಮೂರನೇ ಸಿಲಿಂಡರ್ ಮಿಸ್ಸಿಂಗ್. ಬಿಸಿ ಇಂಜಿನ್ನಿನಲ್ಲಿ ಎಲ್ಲ ಪ್ಲಗ್ ತೆಗೆದು, ಪೆಟ್ರೋಲು ಮತ್ತು ಕಿಡಿ ಎರಡನ್ನೂ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದಾಗ ಕಂಪ್ರೆಷನ್ ಗೇಜಿನಲ್ಲಿ ಉಳಿದ ಮೂರೂ 175 ಪಿಎಸ್‌ಐ ಆಸುಪಾಸು, ಮೂರನೆಯದು ಮಾತ್ರ 95. ಕಡಿಮೆ ಇರುವ ಸಿಲಿಂಡರ್ ಹೆಚ್ಚಿನದರ ಮುಕ್ಕಾಲು ಪಾಲಾದರೂ ಇರಬೇಕು ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ. ಇದು ಅರ್ಧದಷ್ಟಕ್ಕೆ ಬಂದಿತ್ತು. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆದರೂ ಮುಳ್ಳು ಹೆಚ್ಚೇನೂ ಏರಲಿಲ್ಲ. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಕಂಪ್ರೆಷನ್ ಎದ್ದು ಬರಬೇಕಿತ್ತು. ಅಂದರೆ ವಾಲ್ವ್, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಪದರ). ಗೇಜಿನ ಕೈಯಲ್ಲಿ ಆಗುವುದು ಅಷ್ಟೇ.

ಟೆಸ್ಟರ್ ಹಾಕಿ 100 ಬಿಟ್ಟೆ. ಬಲಗಡೆ 38ಕ್ಕೆ ನಿಂತಿತು. ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿ ಇಟ್ಟರೆ ತೀರಾ ಸಣ್ಣ ಸುಯ್ಯೆನ್ನುವ ಸದ್ದು, ಅದು ಯಾವ ಇಂಜಿನ್ನಿನಲ್ಲೂ ಇರುವಂಥದ್ದೇ. ಏರ್ ಫಿಲ್ಟರಿನ ಪೈಪ್ ಬಿಚ್ಚಿ ಥ್ರಾಟಲ್ ಹತ್ತಿರ ಕೇಳಿದರೆ ಏನೂ ಇಲ್ಲ. ರೇಡಿಯೇಟರಿನ ನೀರು ಅಲ್ಲಾಡಲಿಲ್ಲ, ಪಕ್ಕದ ಎರಡು ಮತ್ತು ನಾಲ್ಕರ ಪ್ಲಗ್ ತೂತಿನಿಂದಲೂ ಗಾಳಿ ಬರಲಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ತುದಿಗೆ ಬಗ್ಗಿದರೆ ಅಲ್ಲಿ ಬುಸುಗುಡುತ್ತಿದೆ. ಗಾಡಿಯ ಮಾಲೀಕರು ಅಲ್ಲೇ ನಿಂತಿದ್ದರು. "ಮತ್ತೆ ಕಾಯಿಲ್ಲೇ ಹೋಯ್ತಾ ಸಾರ್?" ಎಂದು ಕೇಳಿದರು. "ಕಾಯಿಲ್ ಸರಿ ಇದೆ ಸಾರ್, ಇಲ್ಲಿ ಬಂದು ಒಂಚೂರು ಕಿವಿ ಕೊಡಿ" ಎಂದೆ. ಹುಡುಗನಿಗೆ ಗಾಳಿ ನಿಲ್ಲಿಸು, ಬಿಡು ಎಂದು ಹೇಳುತ್ತಾ ಹೋದೆ, ಸದ್ದು ನಿಂತಿತು, ಬಂತು. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿಲ್ಲ ಎಂಬುದನ್ನು ಅವರಿಗೆ ನಾನು ಬಾಯಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ.

ಎಕ್ಸಾಸ್ಟ್ ವಾಲ್ವ್ ಎಂದಾಕ್ಷಣ ಹೆಡ್ ಇಳಿಸಬೇಕಾಗಿಲ್ಲ. ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ಕ್ಯಾಮಿಗೂ ವಾಲ್ವಿಗೂ ನಡುವೆ ಇರಬೇಕಾದ ಸಣ್ಣ ಸಂದಿ, ನೋಡಬೇಕು. ವಾಲ್ವ್ ತಾನು ಕೂರುವ ಸೀಟನ್ನು ತಿನ್ನುತ್ತಾ ಹೋದಂತೆ ವಾಲ್ವ್ ಮೇಲಕ್ಕೇರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ, ಒಂದು ಹಂತ ದಾಟಿದ ಮೇಲೆ ಕ್ಯಾಮ್ ಅದನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಗ್ಯಾಸಿನಲ್ಲಿ ಓಡುವ ಇಂಜಿನ್ನುಗಳಲ್ಲಿ ಇದು ಬೇಗ ಆಗುತ್ತದೆ. ಈ ಗಾಡಿಯಲ್ಲಿ ಸಂದಿ ಅಳೆಯುವ ಫೀಲರ್ ಗೇಜಿನ ತೀರಾ ತೆಳುವಾದ ಎಲೆಯೂ ಒಳಗೆ ಹೋಗಲಿಲ್ಲ. ಗ್ಯಾಪ್ ಸರಿಮಾಡಿ ಮತ್ತೆ ಟೆಸ್ಟರ್ ಹಾಕಿದೆ. ಮುಳ್ಳು ಸ್ವಲ್ಪ ಏರಿತು, ಸೈಲೆನ್ಸರಿನ ಬುಸುಗುಟ್ಟುವಿಕೆ ನಿಲ್ಲಲಿಲ್ಲ. ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಎರಡು ಎಕ್ಸಾಸ್ಟ್ ವಾಲ್ವುಗಳಲ್ಲಿ ಒಂದರ ಬಣ್ಣ ಸುತ್ತ ಒಂದೇ ಸಮ, ಇನ್ನೊಂದರ ಅಂಚಿನಲ್ಲಿ ಒಂದು ತುಂಡು ಮಾತ್ರ ಬಿಳಿಚಿಕೊಂಡಿದೆ. ಹೆಡ್ ಇಳಿಸಿದಾಗ ಅದೇ ಜಾಗದಲ್ಲಿ ವಾಲ್ವಿನ ಅಂಚು ಸುಟ್ಟು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಾಲುವೆ ಬಿದ್ದಿತ್ತು. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿನ ಮೂಲಕವೇ ಹೆಡ್ಡಿಗೆ ದಾಟಿಸುತ್ತದೆ. ಸೀಟಿಗೆ ತಾಕದ ಅಂಚು ತಣಿಯುವುದಿಲ್ಲ, ಸುಡುತ್ತದೆ, ಸುಟ್ಟಷ್ಟೂ ಇನ್ನಷ್ಟು ಸೋರುತ್ತದೆ. ಗ್ಯಾಪನ್ನು ಹೊತ್ತಿಗೆ ಸರಿಯಾಗಿ ನೋಡಿಸಿದ್ದರೆ ಆ ಹೆಡ್ ಇಳಿಸುವ ಕೆಲಸ ಬರುತ್ತಿರಲಿಲ್ಲ ಎಂಬುದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಒಂದು ಸಣ್ಣ ಎಚ್ಚರಿಕೆ ಇಲ್ಲೇ ಸೇರಿಸುತ್ತೇನೆ. ಕೆಲವೊಮ್ಮೆ ಕಾರ್ಬನ್ನಿನ ಒಂದು ಚೂರು ಸೀಟಿನ ಮೇಲೆ ಸಿಕ್ಕಿಕೊಂಡು ವಾಲ್ವ್ ಸುಟ್ಟಂತೆಯೇ ಸದ್ದು ಮಾಡುತ್ತದೆ. ಕ್ರ್ಯಾಂಕನ್ನು ಒಂದೆರಡು ಸಲ ಪೂರ್ತಿ ತಿರುಗಿಸಿ, ಇಲ್ಲವೇ ಇಂಜಿನ್ನನ್ನು ಮತ್ತೆ ಓಡಿಸಿ, ಇನ್ನೊಮ್ಮೆ ಅಳೆದು ನೋಡಿ. ಎರಡೂ ಸಲ ಅದೇ ಜಾಗದ ಸದ್ದು ಬಂದರೆ ಮಾತ್ರ ಗಿರಾಕಿಗೆ ದೊಡ್ಡ ಕೆಲಸದ ಮಾತು ಎತ್ತಿ.

ಉಳಿದ ಜಾಗಗಳ ಸದ್ದೂ ಇಷ್ಟೇ ನೇರ. ಥ್ರಾಟಲ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್. ಡಿಪ್‌ಸ್ಟಿಕ್ ಕೊಳವೆಯಲ್ಲಿ, ಆಯಿಲ್ ಮುಚ್ಚಳದಲ್ಲಿ ಜೋರಾಗಿ ಕೇಳಿದರೆ ರಿಂಗ್, ಬೋರ್ ಅಥವಾ ಪಿಸ್ಟನ್. ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ ಎರಡು ಸಿಲಿಂಡರುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಹೆಡ್ಡೋ ಬ್ಲಾಕೋ ಬಿರುಕು ಬಿಟ್ಟಿದೆ. ಈ ಕೊನೆಯದರಲ್ಲಿ ತಾಳ್ಮೆ ಬೇಕು. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಸ್ವಲ್ಪ ಹೊತ್ತು ಮಿಸ್ಸಿಂಗ್, ಜೊತೆಗೆ ಬಿಳಿ ಹೊಗೆ, ಆಮೇಲೆ ಎಲ್ಲ ಸರಿ ಎನ್ನುವ ಗಾಡಿಗಳಿರುತ್ತವೆ. ರಾತ್ರಿಯೆಲ್ಲ ಕೂಲೆಂಟ್ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಸೋರಿಕೆ ಎಷ್ಟು ಸಣ್ಣದೆಂದರೆ ಮೀಟರಿನ ಮುಳ್ಳಿನಲ್ಲಿ ಗೊತ್ತೇ ಆಗುವುದಿಲ್ಲ. ಇಂಥದ್ದನ್ನು ತಣ್ಣಗಿರುವಾಗಲೂ ಪರೀಕ್ಷಿಸಬೇಕು. ರೇಡಿಯೇಟರಿನ ಕತ್ತಿನವರೆಗೆ ನೀರು ತುಂಬಿ, ಗಾಳಿ ಬಿಟ್ಟುಕೊಂಡೇ ಕಾದು ನೋಡಬೇಕು. ಆಗಾಗ ಒಂದು ಗುಳ್ಳೆ ಮೇಲೆ ಬಂದರೂ ಸಾಕು, ಸಾಕ್ಷಿ ಸಿಕ್ಕಿತು.

ಈಗ ಉಪಕರಣದ ಮೇಲೆ ನನಗಿರುವ ತಕರಾರು. ಹೆಚ್ಚಿನ ಸೆಟ್‌ಗಳಲ್ಲಿ ಬಲಗಡೆ ಮೀಟರಿನ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿದಿರುತ್ತಾರೆ. ಆ ಬಣ್ಣಗಳನ್ನು ನಂಬಬೇಡಿ. ಮುಳ್ಳು ಎಷ್ಟು ಇಳಿಯುತ್ತದೆ ಎಂಬುದು ನಡುವಿನ ತೂತಿನ ಗಾತ್ರದ ಮೇಲೆ ನಿಂತಿದೆ, ಆ ಗಾತ್ರ ಒಂದೊಂದು ತಯಾರಕರಲ್ಲಿ ಒಂದೊಂದು ಥರ. ತೂತು ಸಣ್ಣದಾದರೆ ಅದೇ ಸಿಲಿಂಡರ್ ಹೆಚ್ಚು ಸೋರಿದಂತೆ ಕಾಣುತ್ತದೆ, ದೊಡ್ಡದಾದರೆ ಕಡಿಮೆ. ಪಿಸ್ಟನ್ ಇಂಜಿನ್ನಿನ ವಿಮಾನಗಳಲ್ಲಿ ಇದೇ ಪರೀಕ್ಷೆ ಕಡ್ಡಾಯದ ತಪಾಸಣೆಗಳಲ್ಲಿ ನಡೆಯುತ್ತದೆ. ಅಲ್ಲಿ ಒಳಬರುವ ಗಾಳಿ 80 ಪಿಎಸ್‌ಐ, 1000 ಘನ ಇಂಚಿನವರೆಗಿನ ಇಂಜಿನ್ನಿಗೆ ತೂತು 0.040 ಇಂಚು, ಅಂದರೆ ಸುಮಾರು ಒಂದು ಮಿಲಿಮೀಟರ್ ಎಂದು ನಿಗದಿ ಮಾಡಿದ್ದಾರೆ. ಕಾರಿಗೆ ಮಾರುವ ಟೆಸ್ಟರುಗಳಲ್ಲಿ ಅಂಥ ಒಂದೇ ಕಟ್ಟುಪಾಡು ಇಲ್ಲ. ಹಾಗಾಗಿ ನಿಮ್ಮ ಟೆಸ್ಟರಿನ 15ಕ್ಕೂ ನನ್ನದರ 15ಕ್ಕೂ ತಾಳೆ ಹಾಕಬಾರದು. ಒಂದೇ ಟೆಸ್ಟರಿನಲ್ಲಿ, ಒಂದೇ ಇಂಜಿನ್ನಿನ ನಾಲ್ಕು ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಬೇಕು. ಮೂರು 8ರ ಹತ್ತಿರ ಇದ್ದು ಒಂದು 24 ಇದ್ದರೆ, ಪಟ್ಟಿ ಯಾವ ಬಣ್ಣದ್ದಾದರೂ ತೊಂದರೆ ಆ ಒಂದರಲ್ಲಿದೆ.

ಇನ್ನೊಂದು ಜಾತಿಯ ಟೆಸ್ಟರ್ ಇದೆ. ಅದರಲ್ಲಿ ಎರಡನೇ ಮೀಟರಿನಲ್ಲಿ ಅಂಕಿ ಉಲ್ಟಾ ಬರೆದಿರುತ್ತದೆ, ರೆಗ್ಯುಲೇಟರ್ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ಆಮೇಲೆ ಸಿಲಿಂಡರಿಗೆ ಜೋಡಿಸಬೇಕು. ಅದು ತೀರಾ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಕ್ರ್ಯಾಂಕ್ ತಿರುಗಿಬಿಡುವ ಭಯ ಕಡಿಮೆ, ಮನೆಯಲ್ಲಿ ಸಣ್ಣ ಕಂಪ್ರೆಸರ್ ಇಟ್ಟುಕೊಂಡವರಿಗೆ ಅದೊಂದು ಅನುಕೂಲ. ಆದರೆ ಅಷ್ಟು ಸಣ್ಣ ಒತ್ತಡಕ್ಕೆ ರಿಂಗುಗಳು ಬೋರಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಸದ್ದೂ ಕ್ಷೀಣ, ಕಂಪ್ರೆಸರ್ ಒತ್ತಡ ಚೂರು ಏರುಪೇರಾದರೂ ಸೊನ್ನೆ ಜಾರಿಬಿಡುತ್ತದೆ. ನನಗೆ ಅದು ಒಗ್ಗಲಿಲ್ಲ. ಎರಡೂ ಮೀಟರ್ 0ಯಿಂದ 100ರವರೆಗೆ ನೇರವಾಗಿ ತೋರಿಸುವಂಥದ್ದನ್ನೇ ತೆಗೆದುಕೊಳ್ಳಿ.

ಟೆಸ್ಟರ್ ಒಂದೇ ಇದ್ದರೆ ಎಲ್ಲ ಮಿಸ್ಸಿಂಗ್ ಪತ್ತೆಯಾಗುತ್ತದೆ ಎಂದುಕೊಳ್ಳಬೇಡಿ. ಇದು ನಿಂತ ಇಂಜಿನ್ನನ್ನು ಪರೀಕ್ಷಿಸುತ್ತದೆ, ಓಡುವಾಗಿನ ತೊಂದರೆ ಇದಕ್ಕೆ ಕಾಣುವುದಿಲ್ಲ. ಕ್ಯಾಮಿನ ಉಬ್ಬು ಸವೆದು ವಾಲ್ವ್ ಅರ್ಧಕ್ಕೇ ತೆರೆಯುತ್ತಿದ್ದರೆ ಗಾಳಿ ಚೆನ್ನಾಗಿಯೇ ಹಿಡಿಯುತ್ತದೆ, ಮುಚ್ಚಿರುವಾಗ ವಾಲ್ವ್ ಸರಿಯಾಗಿಯೇ ಮುಚ್ಚಿದೆಯಲ್ಲ. ವಾಲ್ವ್ ಸ್ಪ್ರಿಂಗ್ ಮುರಿದ ಒಂದು ಇಂಜಿನ್ ನನ್ನ ಬಳಿ ಬಂದಿತ್ತು. ಸ್ಲೋನಲ್ಲಿ ನಡುಗದೆ ಓಡುತ್ತದೆ, ರೇಸ್ ಕೊಟ್ಟರೆ ಮಿಸ್ಸಿಂಗ್. ಲೀಕ್-ಡೌನ್ ಚೆನ್ನಾಗಿತ್ತು, ಕಂಪ್ರೆಷನ್ನೂ ಚೆನ್ನಾಗಿತ್ತು. ಅದನ್ನು ಬಿಟ್ಟುಕೊಟ್ಟದ್ದು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹಾಕಿದ ವ್ಯಾಕ್ಯೂಮ್ ಗೇಜ್. ವೇಗ ಏರಿದಂತೆಲ್ಲ ಅದರ ಮುಳ್ಳು ಹೆಚ್ಚು ಹೆಚ್ಚು ಕುಣಿಯತೊಡಗಿತು. ವಾಲ್ವ್ ಕವರ್ ತೆಗೆದರೆ ಸ್ಪ್ರಿಂಗಿನ ಕೆಳಗಿನ ಸುತ್ತು ಎರಡು ತುಂಡು. ಹಾಗೆಯೇ ಟೈಮಿಂಗ್ ಚೈನ್ ಹಲ್ಲು ಜಿಗಿದಿದ್ದರೆ ಕಂಪ್ರೆಷನ್ ಗೇಜಿನಲ್ಲಿ ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಕಡಿಮೆ ತೋರಿಸುತ್ತವೆ, ಲೀಕ್-ಡೌನ್‌ನಲ್ಲಿ ಮಾತ್ರ ಎಲ್ಲವೂ ಚೆಂದ. ಈ ಎರಡು ಫಲಿತಾಂಶ ಜೊತೆಯಾಗಿ ಬಂದರೆ ನಾನು ನೇರವಾಗಿ ಟೈಮಿಂಗ್ ಗುರುತು ನೋಡಲು ಹೋಗುತ್ತೇನೆ.

ಆದ್ದರಿಂದ ಒಂದೇ ಕೊಳ್ಳುವಷ್ಟು ಅವಕಾಶ ಇರುವವರು ಮೊದಲು ಕಂಪ್ರೆಷನ್ ಗೇಜ್ ಕೊಳ್ಳಿ. ಅದಕ್ಕೆ ಕಂಪ್ರೆಸರ್ ಬೇಡ, ಕೆಲಸವೂ ಬೇಗ. ಕೊಳ್ಳುವಾಗ ಪೈಪಿನ ತುದಿಯನ್ನು ನೋಡಿ. ಗಾಳಿ ಹಿಡಿದಿಡುವ ಸಣ್ಣ ವಾಲ್ವ್ ಪ್ಲಗ್ ತೂತಿಗೆ ಕೂರುವ ತುದಿಯಲ್ಲೇ ಇರಬೇಕು. ಮೀಟರಿನ ಹತ್ತಿರ ಇದ್ದರೆ ಪೈಪಿನ ಒಳಗಿನ ಜಾಗವೂ ಸಿಲಿಂಡರಿಗೆ ಸೇರಿಕೊಂಡು ಅಂಕಿ ಕಡಿಮೆ ಬರುತ್ತದೆ. ಆ ವಾಲ್ವ್ ನೋಡಲು ಟೈರಿನದರಂತೆಯೇ ಇದ್ದರೂ ಅದರ ಸ್ಪ್ರಿಂಗ್ ತುಂಬ ಮೆದು. ಹಾಳಾಯಿತೆಂದು ಟೈರಿನ ವಾಲ್ವ್ ಹಾಕಿದರೆ ಎಲ್ಲ ಸಿಲಿಂಡರುಗಳೂ ಬಡವಾಗುತ್ತವೆ. ಪೆಟ್ರೋಲ್ ಗೇಜನ್ನು ಡೀಸೆಲ್ ಇಂಜಿನ್ನಿಗೆ ಹಾಕಲೇಬೇಡಿ, ಅಲ್ಲಿನ ಒತ್ತಡಕ್ಕೆ ಅದು ತಡೆಯುವುದಿಲ್ಲ.

ಲೀಕ್-ಡೌನ್ ಟೆಸ್ಟರ್ ಯಾರಿಗೆ? ಬೇರೆಯವರ ಗಾಡಿಯ ಹೆಡ್ ಇಳಿಸುವವರೆಲ್ಲರಿಗೂ. ಹಳೆಯ ಗಾಡಿ ಕೊಳ್ಳುವ ಮೊದಲು ಇಂಜಿನ್ ನೋಡಿಕೊಡಿ ಎಂದು ಕರೆಸಿಕೊಳ್ಳುವವರಿಗೂ ಇದು ಬೇಕು. ಸ್ವಂತ ಕಾರಿನ ಪ್ಲಗ್, ಫಿಲ್ಟರ್ ತಾವೇ ಬದಲಾಯಿಸಿಕೊಳ್ಳುವವರು, ಕಂಪ್ರೆಸರ್ ಇಲ್ಲದಿದ್ದರೆ, ಇದಕ್ಕೆ ದುಡ್ಡು ಹಾಕುವುದು ಬೇಡ. ಗ್ಯಾರೇಜಿನಲ್ಲಿ ಹೆಡ್ ಇಳಿಸಬೇಕು ಎಂದರೆ, ಲೀಕ್-ಡೌನ್ ಮಾಡಿ ಸದ್ದು ನನಗೂ ಕೇಳಿಸಿ ಎಂದು ಕೇಳಿ.

ಸೆಟ್‌ನಲ್ಲಿ 14 ಮತ್ತು 12 ಮಿಲಿಮೀಟರ್ ಮರೆಯ (ತಿರುಪಿನ ಸುತ್ತಿನ) ಅಡಾಪ್ಟರುಗಳು ಇರಲೇಬೇಕು, 10 ಇದ್ದರೆ ಇನ್ನೂ ಒಳ್ಳೆಯದು. ಎರಡು ಕ್ಯಾಮಿನ ಇಂಜಿನ್ನುಗಳಲ್ಲಿ ಪ್ಲಗ್ ಆಳದ ಬಾವಿಯಲ್ಲಿ ಕೂತಿರುವುದರಿಂದ ಪೈಪಿನ ತುದಿ ಉದ್ದವಿರಬೇಕು. ಅಡಾಪ್ಟರ್ ಪೈಪಿನಿಂದ ಬಿಡಿಯಾಗಿ ಬಿಚ್ಚಿಕೊಳ್ಳುವ ಮಾದರಿಯಾದರೆ ತೆಗೆಯುವಾಗ ಪೈಪ್ ಮಾತ್ರ ಕೈಗೆ ಬಂದು ಅಡಾಪ್ಟರ್ ಬಾವಿಯ ತಳದಲ್ಲೇ ಉಳಿಯುತ್ತದೆ. ಪೈಪಿಗೂ ಅಡಾಪ್ಟರಿಗೂ ನಡುವಿನ ಮರೆಯನ್ನು ಮೊದಲೇ ಸ್ಪ್ಯಾನರಿನಲ್ಲಿ ಬಿಗಿಮಾಡಿಕೊಂಡು, ಪ್ಲಗ್ ತೂತಿಗೆ ಮಾತ್ರ ಕೈಯಲ್ಲಿ ತಿರುಗಿಸಿ. ಅಂಗಡಿಯಿಂದ ತಂದ ದಿನವೇ ಸಿಲಿಂಡರಿಗೆ ಜೋಡಿಸದೆ, ಪೈಪ್ ಜೋಡಿಸುವ ಕಪ್ಲರ್ ಬಿಡಿಸಿಟ್ಟುಕೊಂಡೇ 100 ಪಿಎಸ್‌ಐ ಗಾಳಿ ಕೊಟ್ಟು ಪ್ರತಿ ಸಂದಿಗೂ ಸೋಪಿನ ನೀರು ಹಚ್ಚಿ. ಗಾಳಿಗೆ ಹೊರಗೆ ಹೋಗುವ ದಾರಿ ಇಲ್ಲದಿದ್ದಾಗ ಎರಡೂ ಮುಳ್ಳು ಒಂದೇ ಅಂಕಿಗೆ ನಿಲ್ಲಬೇಕು. ನಿಲ್ಲದಿದ್ದರೆ ಮೀಟರ್ ಸರಿಯಿಲ್ಲ ಅಥವಾ ಟೆಸ್ಟರೇ ಸೋರುತ್ತಿದೆ, ಆ ಪೀಸ್ ವಾಪಸ್ ಕೊಟ್ಟು ಬೇರೆಯದನ್ನು ತನ್ನಿ.